ಕೂತಲ್ಲೇ ಗಡಿ ದಾಟುವ ವಿದ್ಯೆ

ಬೆಳಿಗ್ಗೆ ಆರಕ್ಕೆ ಏಳಿಸಲಿ ಅಂತ ಫೋನಿಗೊಂದು ಅಲಾರಂ ಆ್ಯಪ್ ಹಾಕಿಕೊಂಡೆ. ತೆರೆದ ಕೂಡಲೇ ಅದು ಕೇಳಿದ್ದು ಎಷ್ಟು ಗಂಟೆಗೆ ಏಳಬೇಕು ಅಂತಲ್ಲ. ‘ನಿಮ್ಮ ವೈಯಕ್ತಿಕ ಮಾಹಿತಿಯನ್ನು ನಿಮ್ಮ ದೇಶದ ಹೊರಗೂ ವರ್ಗಾಯಿಸಬಹುದು’ ಅಂತ ತಿಳಿಸಿ, ಕೆಳಗೆ ‘ಸಮ್ಮತಿ’ ಎಂಬ ಗುಂಡಿ ಇಟ್ಟಿತ್ತು. ನನ್ನನ್ನು ಏಳಿಸೋಕೆ ನನ್ನ ಹುಟ್ಟಿದ ದಿನಾಂಕ ಯಾಕೆ ಪರದೇಶಕ್ಕೆ ಹೋಗಬೇಕೋ! ಒತ್ತಿದೆ. ನಾನಿನ್ನೂ ಹಾಸಿಗೆಯಲ್ಲೇ ಇದ್ದೆ, ಹುಟ್ಟಿದ ದಿನಾಂಕ ಸಮುದ್ರ ದಾಟಿತ್ತು.

ಹೀಗೆ ಗಡಿ ದಾಟುವ ಮಾಹಿತಿಯನ್ನು ಅಡ್ಡ ಹಾಕಿ ಕಾಗದಪತ್ರ ಕೇಳುವುದರಲ್ಲಿ ಐರೋಪ್ಯ ಒಕ್ಕೂಟವನ್ನು ಮೀರಿಸಿದವರಿಲ್ಲ. ಜನರ ವೈಯಕ್ತಿಕ ಮಾಹಿತಿ ಕಾಯಲೆಂದು 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ಕಾನೂನಿನ ಐದನೇ ಅಧ್ಯಾಯ ಪೂರ್ತಿ ಈ ಪ್ರಯಾಣದ್ದೇ. ಹೋಗುವ ದೇಶ ನಂಬಿಕಸ್ಥ ಎಂದು ಒಕ್ಕೂಟದ ಆಡಳಿತ ನಡೆಸುವ ಐರೋಪ್ಯ ಆಯೋಗ ಮೊದಲೇ ಮುದ್ರೆ ಒತ್ತಿದ್ದರೆ ತಂಟೆಯಿಲ್ಲ. ಆ ಪಟ್ಟಿಯಲ್ಲಿ ಜಪಾನ್, ನ್ಯೂಜಿಲೆಂಡ್, ಉರುಗ್ವೆ ಇವೆ. ಮನುಷ್ಯರಿಗಿಂತ ಕುರಿಗಳೇ ಹೆಚ್ಚಿರುವ ಫೆರೋ ದ್ವೀಪಗಳೂ ಇವೆ. ಸರಿಯೇ, ಕುರಿಗಳು ಯಾರ ಗುಟ್ಟನ್ನೂ ರಟ್ಟು ಮಾಡಿದ್ದನ್ನು ನಾನಂತೂ ಕೇಳಿಲ್ಲ. ಪಟ್ಟಿಯಲ್ಲಿಲ್ಲದ ದೇಶವಾದರೆ ಆಯೋಗವೇ ಬರೆದಿಟ್ಟ ಕರಾರಿಗೆ ಎರಡೂ ಕಡೆಯವರು ಸಹಿ ಹಾಕಬಹುದು. ಜೊತೆಗೆ, ಆ ದೇಶದ ಬೇಹುಗಾರರು ಎಷ್ಟರಮಟ್ಟಿಗೆ ಇಣುಕಬಲ್ಲರು ಎಂದು ಕಳಿಸುವ ಕಂಪನಿಯೇ ಅಳೆದು ಬರೆದಿಡಬೇಕು. ನೌಕರರ ಸಂಬಳದ ಪಟ್ಟಿ ಮಾಡಿಕೊಂಡಿದ್ದ ಪಾಪದ ಪ್ರಾಣಿಗೆ ಪರದೇಶದ ಗೂಢಚಾರಿಕೆಯ ಮೇಲೆ ಪ್ರಬಂಧ ಬರೆಯುವ ಯೋಗ.

‘ವರ್ಗಾವಣೆ’ ಅಂದರೇನು ಅಂತ ಕೇಳಿದರೆ ಮಜಾ ಶುರು. ಮಾಹಿತಿ ಇದ್ದ ಸರ್ವರ್‌ನಲ್ಲೇ ಇದ್ದು, ಹೊರದೇಶದ ಗುತ್ತಿಗೆ ಕಂಪನಿಯವರು ಅಲ್ಲಿಂದಲೇ ಪರದೆಯ ಮೇಲೆ ನೋಡಿದರೂ ಅದು ವರ್ಗಾವಣೆ. ಅದೇ ಮಾಹಿತಿಯನ್ನು ಸ್ವಂತ ನೌಕರ ಹೊರದೇಶಕ್ಕೆ ಹೋಗಿ ಕೂತು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದರೆ ವರ್ಗಾವಣೆ ಅಲ್ಲ. ಇದು ನನ್ನ ಕುಚೋದ್ಯ ಅಲ್ಲ ಸ್ವಾಮಿ. ಐರೋಪ್ಯ ದತ್ತಾಂಶ ಸಂರಕ್ಷಣಾ ಮಂಡಳಿಯ ಮಾರ್ಗಸೂಚಿಯಲ್ಲೇ ಪೋಲೆಂಡಿನ ಕಂಪನಿಯ ನೌಕರನೊಬ್ಬ ಮೀಟಿಂಗಿಗೆಂದು ಭಾರತಕ್ಕೆ ಬರುವ ಉದಾಹರಣೆ ಇದೆ. ಇನ್ನು ನೀವೇ ಕೈಯಾರೆ ಹೊರದೇಶದ ಆನ್‌ಲೈನ್ ಅಂಗಡಿಗೆ ಹೆಸರು, ವಿಳಾಸ ತುಂಬಿ ಕಳಿಸಿದರೆ? ಅದೂ ಅಲ್ಲ. ಒಟ್ಟಿನಲ್ಲಿ ಮಾಹಿತಿ ಕೂತಲ್ಲೇ ಕೂತು ಗಡಿ ದಾಟುತ್ತದೆ, ಸಮುದ್ರದಾಚೆ ತಲುಪಿಯೂ ಮನೆಯಲ್ಲೇ ಇರುತ್ತದೆ. ಅದ್ವೈತಿಗಳೂ ಇಷ್ಟು ಧೈರ್ಯ ಮಾಡಿರಲಿಲ್ಲ.

ಅಮೆರಿಕದ್ದು ಬೇರೆಯೇ ಪುರಾಣ. ಒಕ್ಕೂಟದ ಮಾಹಿತಿ ಅಲ್ಲಿಗೆ ಹೋಗಲೆಂದು 2000ದಲ್ಲಿ ‘ಸೇಫ್ ಹಾರ್ಬರ್’ ಅಂತ ಒಂದು ಸುರಕ್ಷಿತ ಬಂದರು ಕಟ್ಟಿದರು. ಅಲ್ಲಿನ ಕಂಪನಿಗಳು ‘ನಾವು ಸಂಭಾವಿತರು’ ಎಂದು ತಮಗೆ ತಾವೇ ಸರ್ಟಿಫಿಕೇಟ್ ಬರೆದುಕೊಂಡರೆ ಆಯಿತು. 2013ರಲ್ಲಿ ಅಮೆರಿಕದ ಬೇಹುಗಾರರ ಗುಟ್ಟು ಬಯಲು ಮಾಡಿದ ಎಡ್ವರ್ಡ್ ಸ್ನೋಡನ್, ಬಂದರಿನಲ್ಲಿ ಯಾರು ಬಲೆ ಬೀಸಿ ಕೂತಿದ್ದಾರೆ ಅಂತ ಹೇಳಿಬಿಟ್ಟರು. ಆಸ್ಟ್ರಿಯಾದ ಖಾಸಗಿತನ ಹೋರಾಟಗಾರ ಮ್ಯಾಕ್ಸ್ ಶ್ರೆಮ್ಸ್ ದೂರು ಕೊಟ್ಟರು, 2015ರಲ್ಲಿ ಐರೋಪ್ಯ ನ್ಯಾಯಾಲಯ ಬಂದರಿಗೆ ಬೀಗ ಜಡಿಯಿತು. ಮರುವರ್ಷವೇ ‘ಪ್ರೈವಸಿ ಶೀಲ್ಡ್’ ಎಂಬ ಗುರಾಣಿ ಬಂತು. 2020ರಲ್ಲಿ ಅದನ್ನೂ ನ್ಯಾಯಾಲಯ ಮುರಿದು ಹಾಕಿತು. 2023ರ ಮೇನಲ್ಲಿ ಫೇಸ್‌ಬುಕ್ಕಿನ ಒಡೆಯ ಮೆಟಾಗೆ 120 ಕೋಟಿ ಯೂರೊ ದಂಡ ಬಿತ್ತು, ಫೇಸ್‌ಬುಕ್ಕಿನ ಮಾಹಿತಿಯನ್ನು ಅಮೆರಿಕಕ್ಕೆ ಸಾಗಿಸುವುದನ್ನು ಐದು ತಿಂಗಳಲ್ಲಿ ನಿಲ್ಲಿಸಬೇಕೆಂಬ ಆಜ್ಞೆಯೂ ಆಯಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ, ಜುಲೈ 10ರಂದು, ಮೂರನೇ ಏರ್ಪಾಡು ಬಂದೇ ಬಂತು: ‘ಡೇಟಾ ಪ್ರೈವಸಿ ಫ್ರೇಮ್‌ವರ್ಕ್’. ಈ ಸಲ ಬಂದರೂ ಇಲ್ಲ, ಗುರಾಣಿಯೂ ಇಲ್ಲ, ಬರೀ ಚೌಕಟ್ಟು. ಸರ್ಟಿಫಿಕೇಟ್ ಮಾತ್ರ ಈಗಲೂ ಸ್ವಹಸ್ತಾಕ್ಷರದ್ದೇ. ಬೋರ್ಡು ಎರಡು ಸಲ ಬದಲಾದರೂ ಹಡಗಿನ ವೇಳಾಪಟ್ಟಿ ಬದಲಾದಂತೆ ಕಾಣೆ.

ಭಾರತದ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಷ್ಟೆಲ್ಲ ತಲೆ ಕೆಡಿಸಿಕೊಂಡಿಲ್ಲ. ಕೇಂದ್ರ ಸರ್ಕಾರ ಬೇಡವೆಂದ ದೇಶ ಬಿಟ್ಟು ಇನ್ನೆಲ್ಲಿಗಾದರೂ ಹೋಗಿ ಬಾ ಎನ್ನುತ್ತದೆ. ಕನಿಷ್ಠ ನಾಟಕವಾದರೂ ಚಿಕ್ಕದು.

ನನಗೆ ಬಹಳ ಇಷ್ಟವಾದದ್ದು ಬೇಲಿಯೇ ಎದ್ದು ಹೊಲ ಮೇಯ್ದ ಪ್ರಸಂಗ. ಜರ್ಮನಿಯ ನಾಗರಿಕರೊಬ್ಬರು ಕಾರ್ಯಕ್ರಮವೊಂದಕ್ಕೆ ಹೆಸರು ನೋಂದಾಯಿಸಲು ಹೋದರು. ಲಾಗಿನ್ ಪುಟದಲ್ಲಿ ‘ಫೇಸ್‌ಬುಕ್ ಮೂಲಕ ಒಳಬನ್ನಿ’ ಎಂಬ ಗುಂಡಿ ಇತ್ತು. ಒತ್ತಿದರು, ಇಂಟರ್ನೆಟ್ಟಿನಲ್ಲಿ ಅವರ ಗುರುತಾದ ಐಪಿ ವಿಳಾಸ ಅಮೆರಿಕದ ಮೆಟಾ ಪಾಲಾಯಿತು. ಗುಂಡಿ ಇಟ್ಟವರು ಯಾರು ಅಂತೀರಿ? ಊರಿಗೆಲ್ಲ ನಂಬಿಕಸ್ಥರ ಪಟ್ಟಿ ಹಂಚುವ ಅದೇ ಐರೋಪ್ಯ ಆಯೋಗ! 2025ರ ಜನವರಿಯಲ್ಲಿ ಒಕ್ಕೂಟದ ಜನರಲ್ ಕೋರ್ಟು ಅವರಿಗೆ ಪರಿಹಾರ ಕೊಡುವಂತೆ ಆಯೋಗಕ್ಕೇ ಹೇಳಿತು: 400 ಯೂರೊ. ಮೆಟಾ ತಪ್ಪು ಮಾಡಿದರೆ ಕೋಟಿ ಲೆಕ್ಕ, ಆಯೋಗ ಮಾಡಿದರೆ ನೂರರ ಲೆಕ್ಕ. ಒಂದು ದಂಡ, ಇನ್ನೊಂದು ಪರಿಹಾರ, ಹೋಲಿಸಬಾರದು ಅಂತ ವಕೀಲರು ಹೇಳುತ್ತಾರೆ. ವಕೀಲರಿಗೆ ಶುಲ್ಕ ಕೊಡುವವರು ಯಾರೋ.

ಅಂದಹಾಗೆ, ಆ ಅಲಾರಂ ಆರಕ್ಕೆ ಹೊಡೆಯಲೇ ಇಲ್ಲ. ಎಂಟಕ್ಕೆ ಎದ್ದು ನೋಡಿದರೆ ಅದರಿಂದ ಒಂದು ಸಂದೇಶ: ‘ನಮ್ಮ ಖಾಸಗಿತನ ನೀತಿ ಬದಲಾಗಿದೆ. ದಯವಿಟ್ಟು ಸಮ್ಮತಿಸಿ.’ ಕಣ್ಣು ಪೂರ್ತಿ ಬಿಡುವಷ್ಟರಲ್ಲಿ ಬೆರಳು ಒತ್ತಿಯಾಗಿತ್ತು.