ದೊಡ್ಡ ಕಿವಿಯ ಬೆಕ್ಕು, ಹತ್ತಿಯ ಹಿಮ

ಸುಳ್ಳು ಹೇಳಿದರೂ ನಿಜದ ತಲೆ ಮೇಲೆ ಹೊಡೆದ ಹಾಗಿರಬೇಕು ಅನ್ನುತ್ತಾರೆ. ಥೀಮ್ ಪಾರ್ಕ್ ಕಟ್ಟುವವರ ವೃತ್ತಿಧರ್ಮವೇ ಅದು. ಅಲ್ಲಿನ ಬೆಟ್ಟ ಸಿಮೆಂಟು, ಮರ ಫೈಬರ್, ಕೋಟೆಯ ಕಲ್ಲು ಬರೀ ಬಣ್ಣ, ಗುಹೆಯೊಳಗೆ ತೊಟ್ಟಿಕ್ಕುವ ಹನಿ ಪಂಪಿನದು. ಟಿಕೆಟ್ ಕೊಂಡವರಿಗೆ ಇದೆಲ್ಲ ಗೊತ್ತು. ಗೊತ್ತಿದ್ದೂ ಒಂದು ದಿನದ ಮಟ್ಟಿಗೆ ಮೋಸಹೋಗೋಣ ಅಂತಲೇ ದುಡ್ಡು ಕೊಟ್ಟು ಬಂದಿರುತ್ತಾರೆ. ಮೋಸಹೋಗಲು ತಯಾರಾಗಿ ಬಂದವರನ್ನೂ ನಿರಾಸೆಗೊಳಿಸುವುದು ಸುಲಭದ ಕೆಲಸವಲ್ಲ. ಚೀನಾದ ಕೆಲವು ಪಾರ್ಕುಗಳು ಅದನ್ನೂ ಸಾಧಿಸಿ ತೋರಿಸಿವೆ.

ತಮಾಷೆಯೆಂದರೆ, ಈ ಕಸುಬಿನ ತುತ್ತತುದಿಯೂ ಅದೇ ದೇಶದಲ್ಲಿದೆ. 2016ರ ಜೂನ್ 16ರಂದು ತೆರೆದ ಶಾಂಘೈ ಡಿಸ್ನಿಲ್ಯಾಂಡಿಗೆ ಸುಮಾರು 550 ಕೋಟಿ ಡಾಲರ್ ಖರ್ಚಾಯಿತು. 57 ಪಾಲು ಶಾಂಘೈನ ಸರ್ಕಾರಿ ಕಂಪನಿಯದು, 43 ಪಾಲು ಡಿಸ್ನಿಯದು. ಲೆಕ್ಕ ಹಾಕಿದರೆ ರಾಜಕುಮಾರಿಯ ಕೋಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸರ್ಕಾರಿ ಕಟ್ಟಡವೇ. ಅಲ್ಲಿನ ಕಡಲ್ಗಳ್ಳರ ಸವಾರಿಯಲ್ಲಿ ದೋಣಿಯನ್ನು ಅಯಸ್ಕಾಂತದ ವ್ಯವಸ್ಥೆ ನಡೆಸುತ್ತದೆ. ಅದು ಬೇಕೆಂದಾಗ ಪಕ್ಕಕ್ಕೆ ತಿರುಗುತ್ತದೆ, ಹಿಂದಕ್ಕೂ ಹೋಗುತ್ತದೆ. ಪರದೆ ಎಲ್ಲಿ ಮುಗಿಯಿತು, ಕಟ್ಟಿದ ಹಡಗು ಎಲ್ಲಿ ಶುರುವಾಯಿತು ಅಂತ ಹೇಳುವುದು ಕಷ್ಟ. 2021ರ ಸೆಪ್ಟೆಂಬರ್ 20ರಂದು ತೆರೆದ ಬೀಜಿಂಗ್ ಯೂನಿವರ್ಸಲ್‌ನಲ್ಲಿ ಕುಂಗ್ ಫು ಪಾಂಡಾನ ಇಡೀ ಊರನ್ನೇ ಸೂರಿನಡಿಗೆ ತಂದಿದ್ದಾರೆ. ಬೀಜಿಂಗಿನ ಜನವರಿಯ ಚಳಿ ಬಲ್ಲವರು ಅದನ್ನು ಐಷಾರಾಮ ಅನ್ನುವುದಿಲ್ಲ.

ಇಂಥ ಪಾರ್ಕಿಗೂ ಉಳಿದವಕ್ಕೂ ವ್ಯತ್ಯಾಸ ಎಲ್ಲಿದೆ ಅಂತ ನೋಡಬೇಕಾದರೆ ಕೋಟೆಯನ್ನು ಬಿಡಿ. ಕೋಟೆಯನ್ನು ಎಲ್ಲರೂ ಚೆನ್ನಾಗಿಯೇ ಕಟ್ಟುತ್ತಾರೆ, ಜಾಹೀರಾತಿನಲ್ಲಿ ಬರುವುದು ಅದೇ ತಾನೆ. ಸೀದಾ ಬಂಡೆಯ ಹತ್ತಿರ ಹೋಗಿ.

ಒಳ್ಳೆಯ ನಕಲಿ ಬಂಡೆಗೂ ಒಂದು ಜಾತಕ ಇರುತ್ತದೆ. ಮೊದಲು ಫೋಮಿನಲ್ಲಿ ಪುಟ್ಟ ಮಾದರಿ ಕೆತ್ತುತ್ತಾರೆ. ಅದನ್ನು ಸ್ಕ್ಯಾನ್ ಮಾಡಿ, ಆ ಉಬ್ಬುತಗ್ಗಿಗೆ ತಕ್ಕಂತೆ ಸರಳುಗಳನ್ನು ಯಂತ್ರದಲ್ಲಿ ಬಗ್ಗಿಸಿ ಉಕ್ಕಿನ ಚೌಕಟ್ಟಿಗೆ ಬೆಸೆಯುತ್ತಾರೆ. ಮೇಲೆ ತಂತಿಯ ಜಾಲರಿ. ಜಾಲರಿಯ ಮೇಲೆ ಪೈಪಿನಿಂದ ರಭಸವಾಗಿ ಹೊಡೆದ ಕಾಂಕ್ರೀಟು, ಒಂದೆರಡು ಅಂಗುಲ. ಅದರ ಮೇಲೆ ಕೆತ್ತನೆಯ ಪದರ. ಈ ಪದರ ಬಿಗಿಯುವ ಮುಂಚೆ ಕೈಗೆ ಸಿಗುವುದು ಕೆಲವೇ ಗಂಟೆ. ಅಷ್ಟರಲ್ಲಿ ಕರಣೆ, ಬ್ರಷ್ಷು, ಮುದುಡಿದ ಅಲ್ಯುಮಿನಿಯಂ ಹಾಳೆ ಹಿಡಿದು ಲಕ್ಷ ವರ್ಷದ ಸವೆತ ಮೂಡಿಸಬೇಕು. ಪದರಗಲ್ಲಾದರೆ ಗೆರೆಗಳೆಲ್ಲ ಒಂದೇ ಕಡೆ ವಾಲಬೇಕು. ಬಿಸಿಲಿಗೆ ಹಿಗ್ಗಲೆಂದು ಬಿಡುವ ಸಂದು ಒಂದು ಬಿರುಕಿನೊಳಗೆ ಅಡಗಿ ಕೂರಬೇಕು. ಬೆನ್ನ ಹಿಂದೆ ಸೇರಿದ ನೀರು ಹರಿದುಹೋಗಲು ತೂತು ಇರಬೇಕು. ಇಲ್ಲದಿದ್ದರೆ ಉತ್ತರದ ಚಳಿಗೆ ಆ ನೀರು ಹೆಪ್ಪುಗಟ್ಟಿ, ನೂರಕ್ಕೆ ಒಂಬತ್ತರಷ್ಟು ಹಿಗ್ಗಿ, ಬಂಡೆಯ ಮೂತಿಯನ್ನೇ ಕಿತ್ತು ಕೆಳಗಿಡುತ್ತದೆ. ಇಷ್ಟಾದ ಮೇಲೆ 28 ದಿನ ಕ್ಯೂರಿಂಗ್, ಅಂದರೆ ಗಾರೆ ಪೂರ್ತಿ ಬಲಿಯಲು ಬಿಡುವುದು. ಆಮೇಲೆ ಬಣ್ಣ: ತಳಕ್ಕೊಂದು ಕೈ, ಅದರ ಮೇಲೆ ನೀರಾಗಿ ಕಲಸಿದ ಕಡುಬಣ್ಣ, ಅದು ತಾನಾಗಿ ಇಳಿದು ಸಂದುಗೊಂದುಗಳಲ್ಲಿ ನಿಲ್ಲುತ್ತದೆ, ಕೊನೆಗೆ ಒಣ ಬ್ರಷ್ಷಿನಿಂದ ಉಬ್ಬುಗಳ ಮೇಲಷ್ಟೇ ತಿಳಿಬಣ್ಣ. ಚೆನ್ನಾಗಿ ಬಂದರೆ ಹಲ್ಲಿಯೂ ಮೋಸಹೋಗಿ ಅದರಲ್ಲಿ ಮನೆ ಮಾಡುತ್ತದೆ.

ಇದು ದುಬಾರಿ ಕ್ರಮ. ಅಗ್ಗದ ಕ್ರಮದಲ್ಲಿ ಉದ್ಘಾಟನೆಯ ತಾರೀಖು ಮೊದಲು ಹುಟ್ಟುತ್ತದೆ, ಸಿಮೆಂಟು ಆಮೇಲೆ. ಅಕ್ಟೋಬರ್ 1ರ ರಾಷ್ಟ್ರೀಯ ದಿನದ ರಜೆಗೆ ಬಾಗಿಲು ತೆರೆಯಲೇಬೇಕು ಅಂತ ಮೇಲಿನವರು ಹೇಳಿಬಿಟ್ಟರೆ 28 ದಿನದ ಕ್ಯೂರಿಂಗ್ ಎಲ್ಲಿಂದ ಬರಬೇಕು? ಹಸಿ ಗಾರೆಯ ಮೇಲೇ ಬಣ್ಣ. ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ತಿನ್ನುತ್ತದೆ. ಮೊದಲ ಮಳೆಗೇ ಪದರ ಗುಳ್ಳೆಯೇಳುತ್ತದೆ, ಬೆಟ್ಟ ಉಪ್ಪು ಬಿಡಲು ಶುರು ಮಾಡುತ್ತದೆ. ಬೈಂಡಿಂಗ್ ವೈರಿನ ತುದಿಯನ್ನು ಒಳಕ್ಕೆ ಮಡಚಲು ಮರೆತಿದ್ದರೆ ಎರಡನೇ ವರ್ಷದಿಂದ ಬಂಡೆ ತುಕ್ಕಿನ ಕಣ್ಣೀರು ಸುರಿಸುತ್ತದೆ. ಹುಬ್ಬು, ಕೆನ್ನೆ, ಗಲ್ಲದ ಮೇಲೆ ಕಂದು ಗೆರೆ. ಅಚ್ಚು ಒಂದೇ ಮಾಡಿಸಿದ್ದರೆ ಅದೇ ಬಂಡೆ ಏಳು ಸಲ ಬರುತ್ತದೆ, ಒಂದನ್ನು ತಲೆಕೆಳಗು ಮಾಡಿ ಎಂಟನೆಯದೆಂದು ನಿಲ್ಲಿಸಿರುತ್ತಾರೆ.

ಇನ್ನೂ ಅಗ್ಗವಾದರೆ ಫೈಬರ್. ಹಲಸಿನ ಹಣ್ಣು ತಟ್ಟಿ ನೋಡಿದ ಹಾಗೆ ಬಂಡೆಯನ್ನು ತಟ್ಟಿ ನೋಡಿ. ಡಬಡಬ ಅಂದರೆ ಒಳಗೆ ಗಾಳಿ. ಫೈಬರ್ ಬಳಸಿದ್ದೇ ತಪ್ಪೇನಲ್ಲ, ಕೈಗೆ ಎಟುಕದ ಎತ್ತರದಲ್ಲಿ ದೊಡ್ಡವರೂ ಅದನ್ನೇ ಕೂರಿಸುತ್ತಾರೆ. ಆದರೆ ಮಕ್ಕಳು ಹತ್ತುವ, ಅಜ್ಜಿಯಂದಿರು ಒರಗುವ ಎತ್ತರದಲ್ಲಿ ಅದನ್ನಿಟ್ಟರೆ ಬಿಸಿಲಿಗೆ ಮೇಲ್ಪದರ ಸುಣ್ಣದ ಹಾಗೆ ಪುಡಿಯೇಳುತ್ತದೆ. ಒರಗಿ ಫೋಟೊ ತೆಗೆಸಿಕೊಂಡವರು ಬೆಟ್ಟವನ್ನು ಬೆನ್ನ ಮೇಲೆ ಹೊತ್ತು ಮನೆಗೆ ಹೋಗುತ್ತಾರೆ. ಆಂಜನೇಯನ ತರುವಾಯ ಈ ಭಾಗ್ಯ ಸಿಕ್ಕಿದ್ದು ಇವರಿಗೇ ಇರಬೇಕು.

ಬಂಡೆ ತಟ್ಟಲು ಸಂಕೋಚವಾದರೆ ಕಸದ ಡಬ್ಬ ನೋಡಿ. ಡಿಸ್ನಿಯವರು ಕಸದ ಡಬ್ಬಕ್ಕೂ ವೇಷ ಹಾಕುತ್ತಾರೆ; ಕಾಡಿನ ವಿಭಾಗದ ಡಬ್ಬವೇ ಬೇರೆ, ಮುಂದಿನ ಶತಮಾನದ ಡಬ್ಬವೇ ಬೇರೆ. ಅಗ್ಗದ ಪಾರ್ಕಿನಲ್ಲಿ ಫೈಬರ್ ಪಾಂಡಾ. ಬಾಯಿ ಅಗಲಿಸಿ ಕೂತಿರುತ್ತದೆ, ನಾಲಿಗೆಯ ಮೇಲೆ ಅರ್ಧ ಕುಡಿದ ಚಹಾದ ಲೋಟ. ರೋಮ್ ಸಾಮ್ರಾಜ್ಯಕ್ಕೂ ಅದೇ ಪಾಂಡಾ, ಈಜಿಪ್ಟಿನ ಪಿರಮಿಡ್ಡಿಗೂ ಅದೇ, ಮಂಗಳ ಗ್ರಹಕ್ಕೂ ಅದೇ. ಇಡೀ ಪಾರ್ಕಿನಲ್ಲಿ ಕಥೆಯ ಎಳೆ ತಪ್ಪದ ಪಾತ್ರ ಅಂದರೆ ಅದೊಂದೇ.

ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ಫಾಂಟಾವೈಲ್ಡ್ ಎಂಬ ಚೀನಾದ್ದೇ ಪಾರ್ಕ್ ಕಂಪನಿಯವರು ಒಂದೇ ಸವಾರಿಯನ್ನು ಊರೂರಿಗೂ ನಕಲು ಮಾಡಿ ಇಡುತ್ತಾರೆ ನಿಜ. ಹೊರಗಿನಿಂದ ನೋಡಿದರೆ ಗೋದಾಮಿನ ಸಾಲು. ಆದರೆ ಬಿಳಿ ಹಾವಿನ ಜನಪದ ಕಥೆಯ ಜಿನ್‌ಶಾನ್ ದೇಗುಲದ ಪ್ರವಾಹವನ್ನು ನಿಜವಾದ ನೀರಿನಲ್ಲೇ ತೋರಿಸುವ ಅವರ ಪ್ರದರ್ಶನಕ್ಕೆ ಹೋಗಿ ಕೂತರೆ ಗೋದಾಮು ಮರೆತುಹೋಗುತ್ತದೆ. ಝುಹಾಯಿಯ ಚಿಮೆಲಾಂಗ್ ಓಷನ್ ಕಿಂಗ್‌ಡಮ್ 2014ರಲ್ಲಿ 4 ಕೋಟಿ 87 ಲಕ್ಷ ಲೀಟರ್ ನೀರು ತುಂಬಿಸಿ ಐದು ಗಿನ್ನೆಸ್ ದಾಖಲೆ ಬರೆಸಿಕೊಂಡಿತು. ಅವರ ಥೀಮ್ ಏನು ಅಂತ ಕೇಳಬಾರದು, ದೊಡ್ಡದು ಅನ್ನುವುದೇ ಥೀಮ್. ದೊಡ್ಡದಂತೂ ಹೌದು.

ಹಳಬರಲ್ಲಿ ಪ್ರಾಮಾಣಿಕತೆಯೂ ಇತ್ತು. 1994ರಲ್ಲಿ ತೆರೆದ ಶೆನ್‌ಝೆನ್‌ನ ವಿಂಡೋ ಆಫ್ ದ ವರ್ಲ್ಡ್‌ನಲ್ಲಿ ಐಫೆಲ್ ಗೋಪುರ ಅಸಲಿಯ ಮೂರನೇ ಒಂದು, 108 ಮೀಟರ್. ನಕಲು, ಇಷ್ಟೇ ಅಳತೆ, ಅಂತ ಹೇಳಿಯೇ ತೋರಿಸುತ್ತಾರೆ. ಹಾಂಗ್‌ಝೌ ಪಕ್ಕದ ತಿಯಾಂದುಚೆಂಗ್‌ನಲ್ಲಿ ಇನ್ನೊಂದು ಐಫೆಲ್ ಇದೆ, ಅದೂ 108 ಮೀಟರ್. ಆದರೆ ಅದರ ಸುತ್ತ ಇರುವುದು ಪಾರ್ಕ್ ಅಲ್ಲ, ಫ್ರೆಂಚ್ ವೇಷ ತೊಟ್ಟ ಅಪಾರ್ಟ್‌ಮೆಂಟುಗಳು. ನಮ್ಮಲ್ಲಿ 108 ಅಂದರೆ ಅಷ್ಟೋತ್ತರ, ಇಲ್ಲವೇ ಆಂಬುಲೆನ್ಸ್. ಅಲ್ಲಿ ಅದು ಸೈಟು ಮಾರುವ ಎತ್ತರ.

ಕೋಟೆ ಮಾತ್ರ ಯಾಕೆ ಚೆನ್ನಾಗಿರುತ್ತದೆ ಅನ್ನುವ ಗುಟ್ಟೂ ಇಲ್ಲೇ ಇದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿಸುವ ಈ ವ್ಯವಹಾರದಲ್ಲಿ ಪಾರ್ಕ್ ಅನ್ನುವುದು ಮಲ್ಲಿಗೆ, ಹಿಟ್ಟು ಫ್ಲಾಟಿನಲ್ಲಿ. ಪಾರ್ಕ್ ಕಟ್ಟುತ್ತೇವೆ ಅಂದರೆ ಊರಾಡಳಿತ ಜಾಗ ಅಗ್ಗದಲ್ಲಿ ಕೊಡುತ್ತದೆ, ಪಾರ್ಕಿನ ಪಕ್ಕದ ಮನೆಗೆ ರೇಟು ಏರುತ್ತದೆ. ಮನೆ ಮಾರಾಟವಾದ ಮೇಲೆ ರೋಲರ್ ಕೋಸ್ಟರಿಗೆ ಎಣ್ಣೆ ಹಾಕುವವರು ಯಾರು ಅನ್ನುವುದು ಅನಂತರದ ಪ್ರಶ್ನೆ. ಇದು ಎಷ್ಟು ಬೆಳೆಯಿತೆಂದರೆ 2018ರಲ್ಲಿ ಚೀನಾದ ಕೇಂದ್ರ ಸರ್ಕಾರವೇ ಥೀಮ್ ಪಾರ್ಕ್ ಹೆಸರಲ್ಲಿ ರಿಯಲ್ ಎಸ್ಟೇಟ್ ಮಾಡಬೇಡಿ ಅಂತ ಮಾರ್ಗಸೂಚಿ ಹೊರಡಿಸಬೇಕಾಯಿತು. ಅದರ ಪ್ರಕಾರ 2000 ಮು ಜಾಗ ಅಥವಾ 500 ಕೋಟಿ ಯುವಾನ್ ಬಂಡವಾಳ ದಾಟಿದರೆ ಅದು ಅತಿದೊಡ್ಡ ಪಾರ್ಕ್. ಒಂದು ಮು ಅಂದರೆ ನಮ್ಮ ಸುಮಾರು ಆರೂವರೆ ಗುಂಟೆ. ಗುಂಟೆಯ ಲೆಕ್ಕದಲ್ಲಿ ರಾಜಕುಮಾರಿಯರನ್ನು ಅಳೆಯುವುದು ಕನ್ನಡಿಗರಿಗೆ ಬೇಗ ಅರ್ಥವಾದೀತು.

ವಾಂಡಾ ಎಂಬ ರಿಯಲ್ ಎಸ್ಟೇಟ್ ಕಂಪನಿಯ ಒಡೆಯ ವಾಂಗ್ ಜಿಯಾನ್‌ಲಿನ್ 2016ರ ಮೇ ತಿಂಗಳಲ್ಲಿ ಟಿವಿಯಲ್ಲಿ ಕೂತು, ಒಂದು ಹುಲಿ ತೋಳಗಳ ಹಿಂಡಿಗೆ ಸಾಟಿಯಲ್ಲ ಎಂದರು. ಹುಲಿ ಅಂದರೆ ಡಿಸ್ನಿ, ತೋಳಗಳು ಅಂದರೆ ತಾವು ಕಟ್ಟಲಿದ್ದ ಹದಿನೈದಿಪ್ಪತ್ತು ಪಾರ್ಕುಗಳು. ಅದೇ ತಿಂಗಳ 28ಕ್ಕೆ ನಾನ್‌ಚಾಂಗ್‌ನಲ್ಲಿ ಮೊದಲ ತೋಳ ಬಾಯಿ ತೆರೆಯಿತು. ಆ ಪ್ರಾಂತ್ಯದ ನೀಲಿಬಿಳಿ ಪಿಂಗಾಣಿಯ ಸಂಪ್ರದಾಯ ಹಿಡಿದು ಮಾಲನ್ನೇ ಬೃಹತ್ ಪಿಂಗಾಣಿ ಪಾತ್ರೆಗಳಂತೆ ಕಟ್ಟಿದ್ದರು, ಕಣ್ಣಿಗೆ ಒಪ್ಪುವ ಕೆಲಸ. ಪಿಂಗಾಣಿಯ ನಡುವೆ ಡಿಸ್ನಿಯವರದೇ ಪಾತ್ರಗಳಾದ ಸ್ನೋ ವೈಟ್ ಮತ್ತು ಕ್ಯಾಪ್ಟನ್ ಅಮೆರಿಕ ಓಡಾಡಿಕೊಂಡಿದ್ದರು. ಮರುವರ್ಷ ಜುಲೈಯಲ್ಲಿ ಹದಿಮೂರು ಪ್ರವಾಸೋದ್ಯಮ ಯೋಜನೆಗಳ ನೂರಕ್ಕೆ 91 ಪಾಲನ್ನು ಸುಮಾರು 4,380 ಕೋಟಿ ಯುವಾನಿಗೆ ಸುನಾಕ್ ಎಂಬ ಬಿಲ್ಡರ್ ಕಂಪನಿಗೆ ಮಾರಿದರು. ಹಿಂಡು ಕೈಬದಲಾಯಿತು, ಹುಲಿ ಇದ್ದಲ್ಲೇ ಇದೆ.

ಬೀಜಿಂಗಿನ ಹೊರವಲಯದ ವಂಡರ್‌ಲ್ಯಾಂಡ್ ಇನ್ನೂ ಹಳೆಯ ಕಥೆ. ಏಷ್ಯಾದಲ್ಲೇ ದೊಡ್ಡದಾಗಬೇಕಿದ್ದ ಅದು 120 ಎಕರೆಯಲ್ಲಿ ಎದ್ದು 1998ರಲ್ಲಿ ನಿಂತುಹೋಯಿತು. 2008ರಲ್ಲಿ ಮತ್ತೊಮ್ಮೆ ಎಬ್ಬಿಸಲು ನೋಡಿದರು, ಏಳಲಿಲ್ಲ. ಕೋಟೆಯ ಅಸ್ಥಿಪಂಜರದ ಸುತ್ತ ರೈತರು ಮೆಕ್ಕೆಜೋಳ ಬಿತ್ತಿದರು, 2013ರಲ್ಲಿ ಕೆಡವುವವರೆಗೂ ಬೆಳೆ ತೆಗೆದರು. ಇಳುವರಿಯ ಮಟ್ಟಿಗೆ ಆ ಜಾಗದಲ್ಲಿ ಗೆದ್ದವರು ಅವರೊಬ್ಬರೇ.

ಇಷ್ಟೆಲ್ಲ ಹೋಲಿಸಿದ ಮೇಲೆ ಒಂದು ವಿಭಾಗದಲ್ಲಿ ಮಾತ್ರ ಅಗ್ಗದ ಪಾರ್ಕುಗಳು ಡಿಸ್ನಿಯನ್ನು ಮೀರಿಸಿವೆ ಅನ್ನಬೇಕು: ಸಮಜಾಯಿಷಿ. ಬಂಡೆಗೆ ಕೊಡದ ಕೆತ್ತನೆಯನ್ನೆಲ್ಲ ಅದಕ್ಕೆ ಕೊಟ್ಟಿರುತ್ತಾರೆ. ಬೀಜಿಂಗಿನ ಶಿಜಿಂಗ್‌ಶಾನ್ ಪಾರ್ಕು ಮೆಟ್ರೊ ಇಳಿದರೆ ಸಿಗುವಂಥದ್ದು. ಡಿಸ್ನಿಲ್ಯಾಂಡ್ ಬಹಳ ದೂರ, ಇಲ್ಲಿಗೇ ಬನ್ನಿ ಅನ್ನುವುದು ಅದರ ಘೋಷಣೆಯಾಗಿತ್ತು. 2007ರಲ್ಲಿ ಅಲ್ಲಿ ತಿರುಗಾಡುತ್ತಿದ್ದ ದುಂಡುಕಿವಿಯ ಇಲಿ ಯಾರದು ಅಂತ ವರದಿಗಾರರು ಕೇಳಿದರು. ಅದು ಇಲಿಯೇ ಅಲ್ಲ, ದೊಡ್ಡ ಕಿವಿಯ ಬೆಕ್ಕು ಅಂತ ಉತ್ತರ ಬಂತು. ಮಾಡಿದ ಕಳ್ಳತನವನ್ನು ಪ್ರಾಣಿಶಾಸ್ತ್ರಕ್ಕೆ ವರ್ಗಾಯಿಸುವ ಈ ನಾಜೂಕು ನಾನ್‌ಚಾಂಗ್‌ನಲ್ಲಿ ಕಾಣಲಿಲ್ಲ. ಅಲ್ಲಿ ಬರೀ, ವೇಷ ಹಾಕಿಸಿದ್ದು ಮಾಲಿನ ಅಂಗಡಿಯವರು, ನಮಗೂ ಅದಕ್ಕೂ ಸಂಬಂಧವಿಲ್ಲ ಅಂದರು.

ಶೆನ್‌ಝೆನ್‌ನ ಶಿಯಾವೊಮೀಶಾ ಕಡಲುಲೋಕ ಐದು ವರ್ಷ ದುರಸ್ತಿ ಮಾಡಿಕೊಂಡು 2024ರ ಅಕ್ಟೋಬರ್ ರಜೆಗೆ ತೆರೆಯಿತು. ತಿಮಿಂಗಿಲ ಶಾರ್ಕ್ ನೋಡಲು ಹೋದವರಿಗೆ ಗಾಜಿನಾಚೆ ರೋಬೊ ಕಂಡಿತು. ಮೈ ತುಂಬ ಚುಕ್ಕಿ, ಚುಕ್ಕಿಗಳ ನಡುವೆ ಭಾಗ ಭಾಗ ಜೋಡಿಸಿದ ಸಂದು, ರೈಲುಬೋಗಿಗಳ ಹಾಗೆ. ಆ ಜೀವಿಯನ್ನು ಮಾರುವಂತಿಲ್ಲ ಎಂದು ಕಾನೂನಿದೆ, ಅದಕ್ಕೇ ಹತ್ತು ಲಕ್ಷ ಯುವಾನ್ ಮೀರಿ ಸುರಿದು ಮಾಡಿಸಿದ್ದೇವೆ ಅಂದರು. ಕಾನೂನು ಒಪ್ಪೋಣ. ಆ ದುಡ್ಡಿನಲ್ಲಿ ಒಂದು ಡಬ್ಬ ಪುಟ್ಟಿ ಬರುತ್ತಿರಲಿಲ್ಲವೇ?

ಚೆಂಗ್‌ಡು ಬಳಿಯ ಹಿಮಗ್ರಾಮದ ಕಥೆ 2025ರ ಫೆಬ್ರುವರಿಯದು. ವಸಂತ ಹಬ್ಬಕ್ಕೆ, ಅಂದರೆ ಚೀನೀಯರ ಹೊಸ ವರ್ಷಕ್ಕೆ, ಚಳಿ ಕೈಕೊಟ್ಟಿತು, ಹಿಮ ಬರಲಿಲ್ಲ. ಹಾಗಾಗಿ ಹತ್ತಿ ತಂದು ಮಾಡಿನ ಮೇಲೆ ಹಾಸಿದರು, ಸೋಪಿನ ನೀರನ್ನೂ ಬಳಸಿದರು. ಹತ್ತಿ ಸಾಲದೆ ಅಲ್ಲಲ್ಲಿ ಹುಲ್ಲು ಇಣುಕುತ್ತಿತ್ತು. ಹಾಸಿಗೆ ಹರಿದ ಮನೆಯ ಜಗುಲಿಯಂಥ ಹಿಮ. ಹತ್ತಿಯಿಂದ ನಿರೀಕ್ಷಿಸಿದ ಪರಿಣಾಮ ಬರಲಿಲ್ಲ ಎಂದು ಅವರು ಕ್ಷಮೆ ಕೇಳಿ, ಹಣ ವಾಪಸು ಕೊಡುತ್ತೇವೆಂದು ಬಾಗಿಲು ಹಾಕಿದರು. ಹತ್ತಿಯ ತಪ್ಪೇನಿದೆ ಅಂತ ಯಾರೂ ಕೇಳಲಿಲ್ಲ.

ಆದರೆ ಚಿನ್ನದ ಪದಕ ಹೆನಾನ್ ಪ್ರಾಂತ್ಯದ ಯುಂತಾಯ್ ಬೆಟ್ಟಕ್ಕೆ. 314 ಮೀಟರ್ ಎತ್ತರದ ಜಲಪಾತ. ಥೀಮ್ ಪಾರ್ಕ್ ಅಲ್ಲ, ಅಪ್ಪಟ ನಿಸರ್ಗ, ಟಿಕೆಟ್ಟೂ ನಿಸರ್ಗದ್ದೇ. 2024ರ ಜೂನ್‌ನಲ್ಲಿ ಚಾರಣಿಗನೊಬ್ಬ ನೆತ್ತಿಯವರೆಗೆ ಹತ್ತಿ ನೋಡಿದರೆ ಬಂಡೆಯಲ್ಲಿ ಹುದುಗಿಸಿದ ಒಂದು ಪೈಪು, ಅದರ ಬಾಯಿಂದ ನೀರು. ವಿಡಿಯೊ ಹರಿದಾಡಿತು. ಆಡಳಿತದವರು ಹೇಳಿಕೆ ಕೊಡಲಿಲ್ಲ, ಜಲಪಾತದಿಂದಲೇ ಕೊಡಿಸಿದರು. ನಿಮ್ಮನ್ನೆಲ್ಲ ಹೀಗೆ ಭೇಟಿಯಾಗುತ್ತೇನೆ ಅಂದುಕೊಂಡಿರಲಿಲ್ಲ, ಅಂತ ಜಲಪಾತವೇ ಬರೆದುಕೊಂಡಿತು. ನಾನು ಋತುಮಾನಕ್ಕೆ ತಕ್ಕಂತೆ ಇರುವವಳು, ನೀರಿಲ್ಲದ ಕಾಲದಲ್ಲಿ ಸೊರಗುತ್ತೇನೆ. ದೂರದಿಂದ ಬಂದ ನಿಮ್ಮೆದುರು ಚೆನ್ನಾಗಿ ಕಾಣಬೇಕೆಂದು ಸಣ್ಣದೊಂದು ಅಲಂಕಾರ ಮಾಡಿಕೊಂಡೆ, ಅಷ್ಟೇ.