ಡಿಸೆಂಬರ್ 31ರೊಳಗೆ ಗಾಯ ಮಾಡಿಕೊಳ್ಳಿ

ಬಂತು ನೋಡಿ ಮತ್ತೆ ಆ ಇಮೇಲ್. ಅಮೆರಿಕದಲ್ಲಿ ಸಂಬಳಕ್ಕಿರುವವರಾದರೆ ನಿಮಗೂ ಬಂದಿರುತ್ತೆ. "ನಿಮ್ಮ ಎಫ್‌ಎಸ್‌ಎ ಖಾತೆಯಲ್ಲಿ 187 ಡಾಲರ್ ಉಳಿದಿದೆ. ಡಿಸೆಂಬರ್ 31ರೊಳಗೆ ಖರ್ಚು ಮಾಡಿ." ಎಫ್‌ಎಸ್‌ಎ ಅಂದರೆ ಕಾಯಿಲೆ ಕಸಾಲೆ ಖರ್ಚಿಗೆಂದೇ ಸಂಬಳದಿಂದ ತೆಗೆದಿಡುವ ದುಡ್ಡಿನ ಖಾತೆ. ಇಮೇಲಿನ ಕೆಳಗೊಂದು ಫೋಟೊ. ಮಗುವಿನ ಮೊಣಕಾಲಿಗೆ ಬ್ಯಾಂಡೇಜ್, ಪಕ್ಕದಲ್ಲಿ ಅಪ್ಪ ಅಮ್ಮ ಹಲ್ಲು ಕಿರಿಯುತ್ತಿದ್ದಾರೆ. ಮಗು ಬಿದ್ದದ್ದಕ್ಕೆ ಇಷ್ಟು ಖುಷಿಪಡುವ ಹೆತ್ತವರನ್ನು ನಾನಂತೂ ನೋಡಿಲ್ಲ. ನಾವು ಬಿದ್ದು ಮನೆಗೆ ಬಂದರೆ ಮೊದಲು ಬೆನ್ನಿಗೊಂದು ಗುದ್ದು, ಆಮೇಲೆ ಅರಿಶಿನ.

ಈ ಎಫ್‌ಎಸ್‌ಎ ಅನ್ನೋದು ಒಂಥರಾ ಜಾತಕ. ನವೆಂಬರ್‌ನಲ್ಲಿ, ನಾವಿಲ್ಲಿ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಚಿತ್ರಾನ್ನ ಕಲಸುತ್ತಿರುವ ಹೊತ್ತಿಗೆ, ಕಂಪನಿ ಕೇಳುತ್ತೆ: ಮುಂದಿನ ವರ್ಷ ಎಷ್ಟು ಡಾಲರ್‌ಗೆ ಕಾಯಿಲೆ ಬೀಳ್ತೀರಿ? ಈಗಲೇ ಹೇಳಿ. ಹೇಳಿದಷ್ಟನ್ನು ಟ್ಯಾಕ್ಸ್ ಹಿಡಿಯುವ ಮೊದಲೇ ಸಂಬಳದಿಂದ ಕಂತು ಕಂತಾಗಿ ಮುರಿದುಕೊಳ್ಳುತ್ತಾರೆ. 2025ಕ್ಕೆ ಮಿತಿ 3,300 ಡಾಲರ್ ಇತ್ತು. ಕಮ್ಮಿ ಹೇಳಿದರೆ ಟ್ಯಾಕ್ಸ್ ಉಳಿತಾಯ ತಪ್ಪಿತು. ಜಾಸ್ತಿ ಹೇಳಿದರೆ ಮಿಕ್ಕಿದ್ದು ಕೈಬಿಟ್ಟಿತು. ನಡುವೆ ಬದಲಾಯಿಸ್ತೀನಿ ಅಂದರೆ ಮದುವೆಯಾಗಬೇಕು, ಡೈವೋರ್ಸ್ ಆಗಬೇಕು, ಇಲ್ಲ ಮನೆಯಲ್ಲೊಂದು ತೊಟ್ಟಿಲು ಕಟ್ಟಬೇಕು. 187 ಡಾಲರ್‌ಗೋಸ್ಕರ ಯಾವುದೂ ಬೇಡ ಅಂದಳು ಹೆಂಡತಿ. ನಮ್ಮೂರ ಜೋಯಿಸರೇ ವಾಸಿ. "ಆರೋಗ್ಯದಲ್ಲಿ ಸ್ವಲ್ಪ ಏರುಪೇರು" ಅಂತ ಹೇಳಿ, ದಕ್ಷಿಣೆ ತಗೊಂಡು ಸುಮ್ಮನಾಗುತ್ತಿದ್ದರು.

ಮಿಕ್ಕಿದ ದುಡ್ಡು ಯಾರಿಗೆ? ಸರ್ಕಾರಕ್ಕಲ್ಲ, ಕಂಪನಿಗೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಒಂದಿಷ್ಟನ್ನು, 2025ರಲ್ಲಿ 660 ಡಾಲರ್ ತನಕ, ಮುಂದಿನ ವರ್ಷಕ್ಕೆ ಒಯ್ಯಲು ಬಿಡಬಹುದು ಅಂತ ಕಾನೂನೇನೋ ಇದೆ. ಬಿಡಲೇಬೇಕು ಅಂತಿಲ್ಲ. ನಮ್ಮ ಕಂಪನಿಯವರು ಬಿಟ್ಟಿಲ್ಲ. ಈ ವರ್ಷ ನನ್ನ ತಪ್ಪು ಇಷ್ಟೇ, ಆರೋಗ್ಯವಾಗಿದ್ದುಬಿಟ್ಟೆ.

ಹೀಗಾಗಿ 29ನೇ ತಾರೀಕು ರಾತ್ರಿ, ನ್ಯೂಜೆರ್ಸಿಯ ಕೊರೆಯುವ ಚಳಿಯಲ್ಲಿ, ಮೆಡಿಕಲ್ ಸ್ಟೋರ್‌ಗೆ ಹೋದೆ. ಬ್ಯಾಂಡೇಜ್ ಸಾಲಿನಲ್ಲಿ ಧಾರೆಸೀರೆ ಅಂಗಡಿಯ ರಶ್ಶು. ದಾವಣಗೆರೆ ಕಡೆಯವರೊಬ್ಬರು ಗಾಡಿ ತಳ್ಳಿಕೊಂಡು ಎದುರಾದರು.

"ಎಷ್ಟು ಉಳಿದೈತ್ರಿ ಸರ್ ನಿಮ್ದು?"

"ನೂರಾ ಎಂಬತ್ತೇಳು."

"ಪರವಾಗಿಲ್ಲ ಬಿಡ್ರಿ. ನಂದು ನಾನೂರಾ ಹತ್ತು."

ಅವರ ಗಾಡಿಯಲ್ಲಿ ಐದು ಥರ್ಮಾಮೀಟರ್ ಇದ್ದವು. ಮನೆಯಲ್ಲಿರುವುದು ಮೂರು ಜನ. ಜ್ವರ ಬಂದರೆ ತಲೆಗೊಂದು ಹಂಚಿ, ಇನ್ನೆರಡು ಬಂದ ನೆಂಟರಿಗೆ.

ನಾನೂ ಬಾಚಿಕೊಂಡೆ. ಹತ್ತಿಸುರುಳಿ, ಗಾಜ್ ಬಟ್ಟೆ, ಕತ್ತರಿ, ಚಿಮಟ ಎಲ್ಲ ಇರುವ ಫಸ್ಟ್ ಏಡ್ ಪೆಟ್ಟಿಗೆ ನಾಲ್ಕು. ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಮೂರು, ಹೊರಗೆ ಹಿಮ ಬೀಳುತ್ತಿತ್ತು. ಟೂತ್‌ಪೇಸ್ಟ್‌ಗೆ ಕೈ ಹಾಕಿದೆ, ಅದು ನಡೆಯೋದಿಲ್ಲವಂತೆ. ಹಲ್ಲು ಉಜ್ಜಿದರೆ ಟ್ಯಾಕ್ಸ್ ಕಟ್ಟಿದ ದುಡ್ಡಲ್ಲೇ ಉಜ್ಜಬೇಕು. ಹುಳುಕಾದ ಮೇಲೆ ಕೀಳಿಸಿಕೊಂಡರೆ ಟ್ಯಾಕ್ಸ್ ಇಲ್ಲ. ಎಂಥ ದೂರದೃಷ್ಟಿ!

ಇದರ ಚರಿತ್ರೆ ಇನ್ನೂ ಸೊಗಸು. ಬ್ಯಾಂಡೇಜ್‌ಗೆ ತಕರಾರಿರಲಿಲ್ಲ. ಆದರೆ 2011ರಿಂದ ತಲೆನೋವಿನ ಮಾತ್ರೆಗೂ ಡಾಕ್ಟರ ಚೀಟಿ ಬೇಕಾಯಿತು. ಐದು ಡಾಲರ್ ಮಾತ್ರೆ ಮೇಲಿನ ಟ್ಯಾಕ್ಸ್ ಉಳಿಸಲು ಡಾಕ್ಟರ ಬಾಗಿಲು ಕಾಯಬೇಕಿತ್ತು. ಅಷ್ಟು ಹೊತ್ತಿಗೆ ತಲೆನೋವು ಇಲ್ಲದವರಿಗೂ ಬಂದಿರುತ್ತಿತ್ತು. ಹೆಂಗಸರು ತಿಂಗಳು ತಿಂಗಳು ಕೊಳ್ಳುವ ಪ್ಯಾಡ್ ಅಂತೂ ವೈದ್ಯಕೀಯ ಖರ್ಚಿನ ಲೆಕ್ಕಕ್ಕೇ ಇರಲಿಲ್ಲ. ಕೊರೊನಾ ಬಂದು, 2020ರ ಮಾರ್ಚ್‌ನಲ್ಲಿ ಅದರ ಪರಿಹಾರಕ್ಕೆಂದು ಕೇರ್ಸ್ ಕಾಯ್ದೆ ಬಂದ ಮೇಲೇ ಎರಡಕ್ಕೂ ದಾರಿಯಾಯಿತು. ಅಲ್ಲಿಯವರೆಗೆ, ಈರುಳ್ಳಿ ಹೆಚ್ಚುವಾಗ ಬೆರಳಿಂದ ಬಂದದ್ದು ಮಾತ್ರ ರಕ್ತ.

ಎಚ್‌ಎಸ್‌ಎ ಅಂತ ಇದೇ ಥರದ ಇನ್ನೊಂದು ಖಾತೆ ಇದೆ, ಅದನ್ನು ತಗೊಳ್ಳಿ, ಅದರಲ್ಲಿ ದುಡ್ಡು ಕೊಳೆಯೋದಿಲ್ಲ ಅಂತಾರೆ ಗೆಳೆಯರು. ನಿಜ. ಆದರೆ ಅದಕ್ಕೆ ಕಂತು ಕಮ್ಮಿ, ಕೈಯಿಂದ ಹಾಕೋದು ಜಾಸ್ತಿ ಅನ್ನೋ ಥರದ ವಿಮೆಯೇ ಬೇಕು. 2025ರಲ್ಲಿ ಸಂಸಾರಸ್ಥರಿಗೆ ಕಮ್ಮಿ ಅಂದರೂ ಮೊದಲ 3,300 ಡಾಲರ್ ನಮ್ಮ ಜೇಬಿನದೇ.

ಈ ವರ್ಷ ನಾನು ಎಫ್‌ಎಸ್‌ಎಗೆ ಅಷ್ಟು ದುಡ್ಡು ಯಾಕೆ ಕಟ್ಟಿದೆ ಅಂತ ಹೇಳಿಬಿಡ್ತೀನಿ. ಹಿಂದಿನ ವರ್ಷ ಮಗ ಸೈಕಲ್‌ನಿಂದ ಬಿದ್ದು ಗದ್ದ ಸೀಳಿಕೊಂಡ. ಅವನನ್ನು ಅಡುಗೆಮನೆ ಕಟ್ಟೆ ಮೇಲೆ ಕೂರಿಸಿ, ಮೊಬೈಲ್ ಟಾರ್ಚ್ ಬಿಟ್ಟು, ಗಾಯದ ಬಾಯಿ ಎಷ್ಟು ತೆರೆದಿದೆ ಅಂತ ಇಬ್ಬರೂ ಬಗ್ಗಿ ನೋಡಿದೆವು. "ಹೊಲಿಗೆ ಬೇಕಾಗುತ್ತೇನ್ರೀ?" ಅಂದಳು. ನಾನು ಬಾಯಿ ಬಿಡಲಿಲ್ಲ. ಮಗುವಿನ ಗದ್ದದಿಂದ ರಕ್ತ ಸೋರುತ್ತಿದೆ, ನಾನು ನಿಂತು ಬಿಲ್ಲಿನ ಲೆಕ್ಕ ಹಾಕುತ್ತಿದ್ದೇನೆ. ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತೆ. ನಾನೊಬ್ಬನೇ ಯಾಕೆ ನಾಚಿಕೊಳ್ಳಬೇಕು ಅಂತ ಸಿಟ್ಟೂ ಬರುತ್ತೆ.

ಕೊನೆಗೆ ಎಮರ್ಜೆನ್ಸಿಗೆ ಹೋದೆವು. ಮೂರು ಹೊಲಿಗೆ. ಎಷ್ಟಾಗಬಹುದು ಅಂತ ಕೌಂಟರಿನಲ್ಲಿ ಕೇಳಿದೆ. "ಈಗಲೇ ಹೇಳೋಕಾಗಲ್ಲ" ಅಂದರು. ಡಾಕ್ಟರಿಗೂ ಗೊತ್ತಿರಲಿಲ್ಲ. ಬಿಲ್ಲು ಬರುವಷ್ಟರಲ್ಲಿ ಹೊಲಿಗೆ ಬಿಚ್ಚಿ, ಕಲೆಯೂ ಮಾಸಿತ್ತು. ಅದೂ ಒಂದಲ್ಲ, ಮೂರು ಬಿಲ್ಲು. ಕಣ್ಣೆದುರಿಗಿರುವ ಮೂರು ಹೊಲಿಗೆಯ ರೇಟು ಆಸ್ಪತ್ರೆಗೇ ಗೊತ್ತಿಲ್ಲ. ಬರುವ ವರ್ಷದ ಅಷ್ಟೂ ಕಾಯಿಲೆಯ ರೇಟು ನನಗೆ ಮಾತ್ರ ನವೆಂಬರ್‌ನಲ್ಲೇ ಗೊತ್ತಿರಬೇಕು.

ಇರಲಿ. ಲೆಕ್ಕಕ್ಕೆ ಬರೋಣ. 187 ಡಾಲರ್ ಮೇಲೆ ನನಗೆ ಉಳಿದ ಟ್ಯಾಕ್ಸ್ ಸುಮಾರು 55 ಡಾಲರ್. ಅದನ್ನು ಉಳಿಸಲು ನಾಲ್ಕು ಪೆಟ್ಟಿಗೆ ಗಾಜ್ ಬಟ್ಟೆ ಕೊಂಡಿದ್ದೇನೆ. ಮೂಗಿಗಿಂತ ಮೂಗುತಿ ಭಾರ. ಹೋದ ವರ್ಷಗಳ ಪೆಟ್ಟಿಗೆಗಳು ಗ್ಯಾರೇಜಿನಲ್ಲಿ ಗಣೇಶನ ಮಂಟಪದ ಸಾಮಾನಿನ ಪಕ್ಕ ಹಾಗೇ ಕೂತಿವೆ.

ಹೋದ ಸಲ ತುಮಕೂರಿಗೆ ಹೋಗುವಾಗ ಎರಡು ಪೆಟ್ಟಿಗೆ ಸೂಟ್‌ಕೇಸಿಗೆ ತುರುಕಿದ್ದೆ. ಅದೂ ತಪ್ಪಂತೆ. ಈ ದುಡ್ಡಿನ ಬ್ಯಾಂಡೇಜ್ ನನಗೆ, ಹೆಂಡತಿಗೆ, ಮಕ್ಕಳಿಗೆ, ನನ್ನ ಮೇಲೆ ಅವಲಂಬಿಸಿದವರಿಗೆ ಮಾತ್ರ. ಚಿಕ್ಕಮ್ಮನ ಗಾಯ ಲೆಕ್ಕಕ್ಕಿಲ್ಲ. ಪಾಪ, ಅವರು ಬಾದಾಮಿ ಪಿಸ್ತಾ ಇರಬೇಕು ಅಂತ ಆಸೆಯಿಂದ ಪೆಟ್ಟಿಗೆ ಬಿಚ್ಚಿದರು. ಹತ್ತಿಸುರುಳಿ ಕೈಗೆ ತಗೊಂಡು ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಅಲ್ಲಿ ಎಲ್ಲಾ ಸರಿಯಾಗಿದೆ ತಾನೇನೋ?"