ಕರುಳು ಸಡಿಲ ಆಗೋದೂ ಒಂದು ಕೆಲಸ

ನಮ್ಮಕ್ಕನ ಮಗ ಹುಟ್ಟಿ ಎರಡು ದಿನ ಕಳೆದರೂ ಕಕ್ಕ ಮಾಡಿರಲಿಲ್ಲ. ಡಿಸ್ಚಾರ್ಜ್ ಮಾಡುವಾಗ ಅದನ್ನು ಯಾರೂ ಕೇಳಲೂ ಇಲ್ಲ. ಮನೆಗೆ ಬಂದಾಗ ಹೊಟ್ಟೆ ಬಿಗಿದು ಹೊಳೆಯುತ್ತಿತ್ತು. ಅಜ್ಜಿ ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಸವರಿ ಮಗುವಿನ ಗುದದಲ್ಲಿ ಇಟ್ಟರು. ಗಾಳಿ, ಕಪ್ಪು ಅಂಟು ಕಕ್ಕ ಎಲ್ಲ ಒಟ್ಟಿಗೆ ಬುಸ್ಸಂತ ಬಂತು. ಸದ್ಯ, ಆಯ್ತಲ್ಲ ಅಂದುಕೊಂಡೆವು. ಎರಡೇ ದಿನಕ್ಕೆ ಮಗು ಹಸಿರು ವಾಂತಿ ಮಾಡಿತು.

ಹಿರ್ಷ್‌ಸ್ಪ್ರಂಗ್ ಅನ್ನೋ, ಹುಟ್ಟಿನಿಂದಲೇ ಬರುವ ಕರುಳಿನ ಕಾಯಿಲೆ. ಸುಮಾರು 5000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತೆ. ಆವಾಗಿನಿಂದ ಕರುಳಿನ ಬಗ್ಗೆ ಸಿಕ್ಕಿದ್ದೆಲ್ಲ ಓದಿದ್ದೇನೆ.

ಕರುಳಿನ ಗೋಡೆಯೊಳಗೇ ನರಕೋಶಗಳ ಒಂದು ಬಲೆ ಇದೆ. ತಿಂದದ್ದು ಮುಂದಕ್ಕೆ ಹೋಗಬೇಕಾದರೆ ಅದರ ಹಿಂದಿನ ಭಾಗ ಹಿಂಡಬೇಕು, ಮುಂದಿನ ಭಾಗ ಸಡಿಲ ಆಗಬೇಕು. ಲಂಡನ್ನಿನ ವಿಜ್ಞಾನಿಗಳು ಬೇಲಿಸ್ ಮತ್ತು ಸ್ಟಾರ್ಲಿಂಗ್ 1899ರಲ್ಲೇ ಇದನ್ನು ನಾಯಿಗಳ ಕರುಳಲ್ಲಿ ತೋರಿಸಿದ್ದರು. ಸಡಿಲ ಆಗೋದು ಅಂದರೆ ಸುಮ್ನೆ ಹಿಂಡೋದನ್ನು ನಿಲ್ಲಿಸೋದು ಅಂತ ನಾನು ತಿಳಿದಿದ್ದೆ. ಹಾಗಲ್ಲ. ಅದಕ್ಕೆ ಅಂತಲೇ ಬೇರೆ ನರಗಳಿವೆ, ಅವು ನೈಟ್ರಿಕ್ ಆಕ್ಸೈಡ್, ಎಟಿಪಿ (ಜೀವಕೋಶಗಳಿಗೆ ಶಕ್ತಿ ಒದಗಿಸುವ ರಾಸಾಯನಿಕ) ಥರದ ವಸ್ತು ಬಿಟ್ಟು ಸ್ನಾಯುವಿಗೆ "ಬಿಡು" ಅಂತ ಹೇಳಬೇಕು, ಆಗಲೇ ಅದು ಬಿಡೋದು. 1960ರ ದಶಕದಲ್ಲಿ ಮೆಲ್ಬರ್ನ್‌ನಲ್ಲಿ ವಿಜ್ಞಾನಿ ಜೆಫ್ರಿ ಬರ್ನ್‌ಸ್ಟಾಕ್ ಮತ್ತು ಜೊತೆಗಾರರು, ಆಗ ಗೊತ್ತಿದ್ದ ಎರಡೂ ಬಗೆಯ ನರಗಳ ಕೆಲಸವನ್ನು ಔಷಧಿಯಿಂದ ತಡೆದು ಗಿನಿಪಿಗ್ ಕರುಳಿನ ನರಗಳನ್ನು ಕೆಣಕಿದರು. ಆದರೂ ಸ್ನಾಯು ಸಡಿಲ ಆಯಿತು! ಎಟಿಪಿಯಂಥ ವಸ್ತು ನರದ ಸಂದೇಶ ಒಯ್ಯುತ್ತೆ ಅಂತ ಬರ್ನ್‌ಸ್ಟಾಕ್ 1972ರಲ್ಲಿ ಬರೆದಾಗ ತುಂಬಾ ಜನ ನಂಬಲೇ ಇಲ್ಲ.

ನಮ್ಮ ಮಗುವಿಗೆ ಕರುಳಿನ ಕೊನೆಯ ಭಾಗದಲ್ಲಿ ಆ ನರಕೋಶಗಳೇ ಇರಲಿಲ್ಲ. ಗರ್ಭದಲ್ಲಿ ಅವು ಮೇಲಿನಿಂದ ಕೆಳಗೆ ಸಾಗಿ ಬರುತ್ತವೆ, ಇವನಲ್ಲಿ ಕೊನೆ ಮುಟ್ಟುವ ಮೊದಲೇ ನಿಂತಿದ್ದವು. ಬಿಡು ಅನ್ನೋರಿಲ್ಲದ ಆ ಚೂರು ಬಿಗಿದುಕೊಂಡೇ ಇತ್ತು, ಅದರ ಮೇಲಿನ ಕರುಳು ಉಬ್ಬುತ್ತಾ ಹೋಯಿತು. ಮೋಸ ಮಾಡೋದು ಇದೇ. ಉಬ್ಬಿದ ಭಾಗ ಕೆಟ್ಟಂತೆ ಕಾಣುತ್ತೆ, ಕೆಟ್ಟಿರೋದು ಅದರ ಕೆಳಗೆ ತೆಳ್ಳಗೆ, ಸರಿಯಾಗೇ ಇರುವಂತೆ ಕಾಣುವ ಭಾಗ. ತೊಟ್ಟಿಟ್ಟಾಗ ಬುಸ್ಸಂತ ಬಂದದ್ದು ವಾಸಿಯಾದ ಲಕ್ಷಣ ಅಲ್ಲ, ಕಾಯಿಲೆಯದೇ ಲಕ್ಷಣ ಅಂತ ಮಕ್ಕಳ ಸರ್ಜನ್ ಹೇಳಿದಾಗ ಅಜ್ಜಿ ಅತ್ತುಬಿಟ್ಟರು. ಅವರ ತಪ್ಪೇನಿದೆ ಅಲ್ವಾ? ನಮಗೆ ಯಾರು ಹೇಳಿದ್ದರು?

ಹುಟ್ಟಿದ ಮಗು 48 ಗಂಟೆಯೊಳಗೆ ಕಕ್ಕ ಮಾಡದಿದ್ದರೆ ಕಾರಣ ಹುಡುಕದೆ ಮನೆಗೆ ಕಳಿಸಲೇಬಾರದು. ಹಸಿರು ವಾಂತಿ ಆದರೆ ನಾಳೆ ನೋಡೋಣ ಅನ್ನಬೇಡಿ, ಆಗಲೇ ಹೊರಡಿ.

ನರವಿಲ್ಲದ ಚೂರು ತೆಗೆದು ಮೇಲಿನ ಒಳ್ಳೇ ಕರುಳನ್ನು ಕೆಳಕ್ಕೆ ಎಳೆದು ಸೇರಿಸಿದರು. ಈಗ ಅವನಿಗೆ ನಾಲ್ಕು ವರ್ಷ. ಯಾರ ಮನೇಲಿ ಮಗು ಹುಟ್ಟಿದರೂ ಅಜ್ಜಿ ಫೋನ್ ಮಾಡಿ ಮೊದಲು ಕೇಳೋದು ಒಂದೇ, "ಕಕ್ಕ ಮಾಡ್ತಾ? ಎಷ್ಟು ಹೊತ್ತಿಗೆ?"